ಓದುಗರ ಪ್ರಶ್ನೆ, ನಮ್ಮ ಉತ್ತರ: ಮಕ್ಕಳಿಗಾಗಿ ನಿಜಲಿಂಗಪ್ಪ

ಪ್ರಶ್ನೆ: ನಮ್ಮ ಶಾಲೆಯ ಏಳನೇ ತರಗತಿ ಮಕ್ಕಳಿಂದ ಎಸ್. ನಿಜಲಿಂಗಪ್ಪನವರ ಬಗ್ಗೆ ಪುಟ್ಟ ಪುಸ್ತಕ ಬರೆಸಿ ಅಚ್ಚು ಹಾಕಿಸಬೇಕೆಂದಿದ್ದೇವೆ. ಎಷ್ಟು ಪುಟ ಇಡಬೇಕು, ಎಲ್ಲಿಂದ ಶುರು ಮಾಡಬೇಕು?
— ಶಿಕ್ಷಕಿ, ದಾವಣಗೆರೆ

ಉತ್ತರ: ಪುಟದ ಲೆಕ್ಕವನ್ನು ಮೊದಲು ಮುಗಿಸಿಕೊಳ್ಳಿ. ಡೆಮಿ 1/8 ಎಂಬ ಪುಸ್ತಕದ ಅಳತೆಯಲ್ಲಿ ಒಂದು ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುವ ಪುಟಗಳು) ಅಂದರೆ 16 ಪುಟ. ಮೂರು ಫಾರಂ, 48 ಪುಟ ಇಟ್ಟುಕೊಂಡರೆ ನಡುವೆ ಪಿನ್ ಹೊಡೆದು ಮುಗಿಸಬಹುದು, ಖರ್ಚೂ ಕಡಿಮೆ. 50 ಪುಟ ಬರೆದುಬಿಟ್ಟರೆ ಆ ಎರಡು ಪುಟಕ್ಕಾಗಿ ಮತ್ತೆ ಕಾಗದ ಕತ್ತರಿಸಬೇಕಾಗುತ್ತದೆ.

ನಾಲ್ಕು ನಾಲ್ಕು ಪುಟದ ಎಂಟು ಅಧ್ಯಾಯಕ್ಕೆ 32 ಪುಟ ಹೋಗುತ್ತದೆ. ಶೀರ್ಷಿಕೆ ಮತ್ತು ಮುನ್ನುಡಿಗೆ 4, ಚಿತ್ರಗಳಿಗೆ 6. ನಕ್ಷೆ, ಕಾಲಾನುಕ್ರಮಣಿಕೆ, ಕಠಿಣ ಪದಗಳ ಅರ್ಥಕ್ಕೆ ಎರಡೆರಡು. 14 ಪಾಯಿಂಟ್ ಅಕ್ಷರದಲ್ಲಿ ಪುಟಕ್ಕೆ ಸುಮಾರು 170 ಪದ ಹಿಡಿಸುತ್ತದೆ. ತಲೆಬರಹದ ಜಾಗ ಕಳೆದರೆ ಅಧ್ಯಾಯಕ್ಕೆ 600 ಪದ. ಮಕ್ಕಳಿಗೆ ಈ ಮಿತಿಯನ್ನು ಮೊದಲೇ ಹೇಳಿ. ಇಲ್ಲದಿದ್ದರೆ ಬಾಲ್ಯಕ್ಕೆ ಹದಿನೈದು ಪುಟ ಬರೆದು, ಮುಖ್ಯಮಂತ್ರಿಯಾಗಿದ್ದ ವರ್ಷಗಳನ್ನು ಅರ್ಧ ಪುಟದಲ್ಲಿ ಮುಗಿಸುತ್ತಾರೆ.

ಬರವಣಿಗೆಗೂ ಮುಂಚೆ ಗೋಡೆಗೆ ಒಂದು ಉದ್ದನೆಯ ಹಾಳೆ ಅಂಟಿಸಿ ಇಸವಿಗಳನ್ನು ಬರೆಸಿ. 1902ರ ಡಿಸೆಂಬರ್ 10 ಜನನ. 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಪದವಿ, 1926ರಲ್ಲಿ ಪುಣೆಯಲ್ಲಿ ಕಾನೂನು ಪದವಿ, ಆಮೇಲೆ ಚಿತ್ರದುರ್ಗದಲ್ಲಿ ವಕೀಲಿಕೆ. 1939 ತುರುವನೂರು ಸತ್ಯಾಗ್ರಹ. ಮುಂದೆ ಸಂವಿಧಾನ ಸಭೆಯ ಸದಸ್ಯತ್ವ. 1952ರಲ್ಲಿ ಚಿತ್ರದುರ್ಗದಿಂದ ಮೊದಲ ಲೋಕಸಭೆಗೆ. 1956ರ ನವೆಂಬರ್ 1ರಿಂದ 1958ರ ಮೇವರೆಗೆ, ಮತ್ತೆ 1962ರ ಜೂನ್‌ನಿಂದ 1968ರ ಮೇವರೆಗೆ ಮುಖ್ಯಮಂತ್ರಿ. 1968–69 ಕಾಂಗ್ರೆಸ್ಸಿನ ರಾಷ್ಟ್ರಾಧ್ಯಕ್ಷ. 2000ದ ಆಗಸ್ಟ್ 8ರಂದು ಚಿತ್ರದುರ್ಗದಲ್ಲಿ ನಿಧನ.

ಈ ಹಾಳೆಯಲ್ಲಿ ಎರಡು ಕಡೆ ಮಕ್ಕಳು ಎಡವುತ್ತಾರೆ. 1956ರಲ್ಲಿ ಅವರು ‘ಕರ್ನಾಟಕದ ಮುಖ್ಯಮಂತ್ರಿ’ ಆದರು ಎಂದು ಬರೆಯುತ್ತಾರೆ. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅಲ್ಲಿಯವರೆಗೆ ಅದು ಮೈಸೂರು ರಾಜ್ಯ. ‘ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ’ ಎಂದು ಬರೆಸಿ. ಇನ್ನೊಂದು 1962. ಆ ವರ್ಷ ಹೊಸದುರ್ಗದಲ್ಲಿ ಅವರು ಚುನಾವಣೆ ಸೋತರು, ಎಸ್.ಆರ್. ಕಂಠಿ ಕೆಲವು ತಿಂಗಳು ಮುಖ್ಯಮಂತ್ರಿಯಾಗಿದ್ದರು. ಈ ಸೋಲನ್ನು ದಯವಿಟ್ಟು ಬಿಡಬೇಡಿ. ಗೆಲುವನ್ನಷ್ಟೇ ಪೋಣಿಸಿದ ಜೀವನಚರಿತ್ರೆಯನ್ನು ಹನ್ನೆರಡು ವರ್ಷದ ಮಕ್ಕಳೂ ನಂಬುವುದಿಲ್ಲ.

ಭಾಷೆಯಲ್ಲಿ ಒಂದು ತೊಡಕಿದೆ. ಬಾಲ್ಯದ ಅಧ್ಯಾಯದಲ್ಲಿ ‘ಹುಡುಗ ಶಾಲೆಗೆ ಹೋದ’ ಎಂದು ಬರೆದು, ಮುಂದಿನ ಸಾಲಿನಲ್ಲೇ ‘ಅವರು ಓದಿದರು’ ಎಂದರೆ ಇಬ್ಬರ ಕಥೆಯಂತೆ ಕೇಳಿಸುತ್ತದೆ. ಏಕವಚನ ಬೇಕಿದ್ದರೆ ಬಾಲ್ಯದ ಅಧ್ಯಾಯ ಪೂರ್ತಿ ಅದರಲ್ಲೇ ಇರಲಿ, ಅಧ್ಯಾಯ ಬದಲಾದಾಗಷ್ಟೇ ಬಹುವಚನಕ್ಕೆ ಬನ್ನಿ. ತಾಯಿ–ಮಗನ ಮಾತುಕತೆಯನ್ನು ಕಲ್ಪಿಸಿ ಉದ್ಧರಣ ಚಿಹ್ನೆಯೊಳಗೆ ಹಾಕುವುದು ಬೇಡವೇ ಬೇಡ. ಒಮ್ಮೆ ಅಚ್ಚಾದ ಕಲ್ಪಿತ ಮಾತನ್ನು ಮುಂದಿನವರು ನಿಜವೆಂದೇ ಎತ್ತಿಕೊಳ್ಳುತ್ತಾರೆ.

ಪ್ರಶ್ನೆ: ಅವರ ಹುಟ್ಟೂರು ಬಳ್ಳಾರಿ ಜಿಲ್ಲೆ ಎಂದು ಒಂದು ಪುಸ್ತಕ, ದಾವಣಗೆರೆ ಎಂದು ಇನ್ನೊಂದು. ಈಗ ವಿಜಯನಗರ ಎನ್ನುತ್ತಾರೆ. ಮಗಳಿಗೆ ಯಾವುದನ್ನು ಹೇಳಿಕೊಡಲಿ?
— ಪೋಷಕರು, ಚಿತ್ರದುರ್ಗ

ಉತ್ತರ: ಊರು ಒಂದೇ, ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು. ಗಡಿಗಳು ಅದರ ಸುತ್ತ ಓಡಾಡಿವೆ. 1902ರಲ್ಲಿ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿ ಅದಕ್ಕೆ ಬಂತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಿಂದ ವಿಜಯನಗರ ಜಿಲ್ಲೆ. ಮೂರೂ ಹೆಸರು ತಮ್ಮ ತಮ್ಮ ಕಾಲಕ್ಕೆ ಸರಿಯೇ. ‘ಆಗಿನ ಬಳ್ಳಾರಿ, ಈಗಿನ ವಿಜಯನಗರ ಜಿಲ್ಲೆ’ ಎಂದು ಬರೆಸಿ.

ಇದನ್ನು ಬರೀ ವಿಳಾಸದ ತಿದ್ದುಪಡಿ ಅಂದುಕೊಳ್ಳಬೇಡಿ. ಹಲುವಾಗಲಿನಿಂದ ಓದಲು ದಾವಣಗೆರೆಗೆ ಬಂದ ಹುಡುಗ ಬ್ರಿಟಿಷರ ಸೀಮೆಯಿಂದ ಮಹಾರಾಜರ ಸೀಮೆಗೆ ಬಂದಂತಾಯಿತು. ಕನ್ನಡದ ಊರುಗಳು ಹೀಗೆ ಹಂಚಿಹೋಗಿದ್ದವು ಎಂಬುದನ್ನು ನಕ್ಷೆಯಲ್ಲಿ ಎರಡು ಬಣ್ಣ ಹಚ್ಚಿ ತೋರಿಸಿದರೆ, ಮುಂದೆ ಏಕೀಕರಣದ ಅಧ್ಯಾಯ ತಾನಾಗಿ ಅರ್ಥವಾಗುತ್ತದೆ. ಹೆಸರಿನ ಮುಂದಿನ ‘ಎಸ್’ ಸಿದ್ದವನಹಳ್ಳಿ. ಅದನ್ನೇ ಹುಟ್ಟೂರು ಎಂದು ಬರೆಯುವ ತಪ್ಪೂ ಆಗುತ್ತಿರುತ್ತದೆ.

ಪ್ರಶ್ನೆ: ಮರ ಕಡಿಯಬಾರದು ಅಂತ ನಮಗೆ ಹೇಳುತ್ತಾರೆ. ತುರುವನೂರಿನಲ್ಲಿ ನಿಜಲಿಂಗಪ್ಪ ಈಚಲು ಮರ ಕಡಿದಿದ್ದು ಯಾಕೆ?
— ಆರನೇ ತರಗತಿ ವಿದ್ಯಾರ್ಥಿನಿ, ಚಿತ್ರದುರ್ಗ ತಾಲ್ಲೂಕು

ಉತ್ತರ: ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದೀಯ. ಈಚಲು ಮರದಿಂದ ಹೆಂಡ ಇಳಿಸುತ್ತಿದ್ದರು. ಹೆಂಡದ ಮೇಲಿನ ತೆರಿಗೆ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತಿತ್ತು, ಕುಡಿತದಿಂದ ಬಡವರ ಮನೆ ಹಾಳಾಗುತ್ತಿತ್ತು. ಪಾನನಿಷೇಧ ಗಾಂಧೀಜಿಯ ಮುಖ್ಯ ಕಾರ್ಯಕ್ರಮಗಳಲ್ಲಿ ಒಂದು. ಆ ಮರ ಕಡಿದರೆ ಹೆಂಡಕ್ಕೂ ಪೆಟ್ಟು, ಸರ್ಕಾರದ ಆದಾಯಕ್ಕೂ ಪೆಟ್ಟು. ಕಾನೂನು ಮುರಿಯುತ್ತಿದ್ದೇವೆ ಎಂದು ಗೊತ್ತಿದ್ದೇ ಕಡಿದರು, ಶಿಕ್ಷೆಯನ್ನೂ ಒಪ್ಪಿಕೊಂಡರು. ಅದಕ್ಕೇ ಅದು ಸತ್ಯಾಗ್ರಹ. ಈಚಲು ಗರಿಯಿಂದ ಚಾಪೆ, ಪೊರಕೆಯನ್ನೂ ಮಾಡುತ್ತಾರೆ. ಹಾಗಾಗಿ ಆ ಮರ ಬೇಕಾಗಿದ್ದವರೂ ಊರಲ್ಲಿ ಇದ್ದರು. ಅದನ್ನೂ ನಿನ್ನ ಪುಸ್ತಕದಲ್ಲಿ ಬರಿ.

ಪ್ರಶ್ನೆ: 1969ರ ಕಾಂಗ್ರೆಸ್ ಒಡಕನ್ನು ಮಕ್ಕಳಿಗೆ ಹೇಗೆ ವಿವರಿಸುವುದು? ಬಿಟ್ಟುಬಿಡೋಣ ಅನ್ನಿಸುತ್ತದೆ.
— ಗ್ರಂಥಪಾಲಕರು, ದಾವಣಗೆರೆ

ಉತ್ತರ: ಬಿಟ್ಟರೆ ಅವರನ್ನು ‘ರಾಷ್ಟ್ರನಾಯಕ’ ಎನ್ನುವ ಮಾತಿಗೆ ಆಧಾರವೇ ಹೋಗುತ್ತದೆ. ಅವರ ಹೆಸರು ದೇಶಕ್ಕೆಲ್ಲ ಪರಿಚಿತವಾದದ್ದೇ ಆ ವರ್ಷ. ದಿನಾಂಕದ ಕ್ರಮದಲ್ಲಿ ಹೇಳಿದರೆ ಕಷ್ಟವಿಲ್ಲ.

ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಪಕ್ಷ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿ ಮಾಡಿತು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಅದು ಒಪ್ಪಿಗೆಯಿರಲಿಲ್ಲ. ಜುಲೈ 19ರಂದು ಅವರ ಸರ್ಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತು. ರೆಡ್ಡಿಯವರಿಗೆ ಎರಡನೇ ಪ್ರಾಶಸ್ತ್ಯದ ಮತ ಕೇಳಲು ನಿಜಲಿಂಗಪ್ಪ ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರನ್ನು ಕಂಡರು. ಇಂದಿರಾ ಬಣ ಇದನ್ನೇ ಹಿಡಿದು ಟೀಕಿಸಿತು, ಪಕ್ಷ ಹೇಳಿದಂತಲ್ಲ, ಆತ್ಮಸಾಕ್ಷಿಯಂತೆ ಮತ ಹಾಕಿ ಎಂದು ಕರೆ ಕೊಟ್ಟಿತು. ಆಗಸ್ಟ್‌ನಲ್ಲಿ, ರೆಡ್ಡಿಯವರ ಎದುರು ಪಕ್ಷೇತರರಾಗಿ ನಿಂತಿದ್ದ ವಿ.ವಿ. ಗಿರಿ ಗೆದ್ದರು. ನವೆಂಬರ್ 12ರಂದು ನಿಜಲಿಂಗಪ್ಪನವರ ಅಧ್ಯಕ್ಷತೆಯ ಪಕ್ಷ ಪ್ರಧಾನಿಯನ್ನೇ ಉಚ್ಚಾಟಿಸಿತು, ಕಾಂಗ್ರೆಸ್ ಎರಡಾಯಿತು. ನಿಜಲಿಂಗಪ್ಪನವರ ಬಣ ಸಂಸ್ಥಾ ಕಾಂಗ್ರೆಸ್. 1971ರ ಲೋಕಸಭೆ ಚುನಾವಣೆಯಲ್ಲಿ ಅದಕ್ಕೆ ಸಿಕ್ಕಿದ್ದು 16 ಸ್ಥಾನ. ಮೈಸೂರು ರಾಜ್ಯದಲ್ಲಿ ಒಂದೂ ಇಲ್ಲ.

ಎರಡನೇ ಪ್ರಾಶಸ್ತ್ಯ ಎಂದರೇನು ಎಂಬುದನ್ನು ತರಗತಿಯಲ್ಲೇ ಮಾಡಿ ತೋರಿಸಿ. ಮೂವರು ಅಭ್ಯರ್ಥಿಗಳು, ಪ್ರತಿ ಚೀಟಿಯಲ್ಲಿ 1, 2, 3 ಎಂದು ಕ್ರಮ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕೊನೆಯವರನ್ನು ತೆಗೆದು, ಅವರ ಚೀಟಿಗಳನ್ನು 2 ಎಂದು ಬರೆದ ಹೆಸರಿಗೆ ಸೇರಿಸಿ. ಇಪ್ಪತ್ತು ನಿಮಿಷ ಸಾಕು. ಯಾರು ಸರಿ ಎಂಬ ತೀರ್ಪನ್ನು ಪುಸ್ತಕ ಕೊಡಬೇಕಿಲ್ಲ. ಎರಡೂ ಕಡೆಯವರ ವಾದವನ್ನು ಒಂದೇ ಉದ್ದದ ಎರಡು ಪ್ಯಾರಾಗಳಲ್ಲಿ ಕೊಡಿ.

ಶರಾವತಿ ಯೋಜನೆಗೂ ಇದೇ ಅಳತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವರೇ ಮುಖ್ಯಮಂತ್ರಿ. ವಿದ್ಯುತ್ತಿನ ಸಾಲಿನ ಪಕ್ಕದಲ್ಲೇ ಮುಳುಗಿದ ಊರುಗಳ ಸಾಲೂ ಇರಬೇಕು.

ಪ್ರಶ್ನೆ: ಹಳೆಯ ಪತ್ರಿಕೆಯ ಫೋಟೊ ಬಳಸಬಹುದೇ? ಅಚ್ಚಿಗೆ ಮುನ್ನ ಏನು ನೋಡಬೇಕು?
— ಶಿಕ್ಷಕರು, ಹೊಳಲ್ಕೆರೆ

ಉತ್ತರ: 2012ರ ಕಾನೂನು ತಿದ್ದುಪಡಿಯ ನಂತರ, ಫೋಟೊ ತೆಗೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಹಾಗಾಗಿ 1960ರಲ್ಲಿ ಪ್ರಕಟವಾದದ್ದನ್ನೂ ಹಳೆಯದೆಂಬ ಕಾರಣಕ್ಕೆ ಮುಕ್ತ ಅಂದುಕೊಳ್ಳಬೇಡಿ, 1990ರದ್ದಕ್ಕಂತೂ ಅನುಮತಿ ಬೇಕು. ಪತ್ರಿಕೆಯ ಚಿತ್ರ ಚುಕ್ಕೆಗಳಿಂದ ಆದದ್ದು. ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದರೆ ಮುಖದ ಮೇಲೆ ಜಾಲರಿಯಂಥ ಗೆರೆ ಮೂಡುತ್ತದೆ. ಮೂಲ ಫೋಟೊ ಸಿಗದಿದ್ದರೆ ಮಕ್ಕಳಿಂದ ರೇಖಾಚಿತ್ರ ಬಿಡಿಸಿ. ಚಿತ್ರದುರ್ಗದ ಹತ್ತಿರ ಸೀಬಾರದಲ್ಲಿರುವ ನಿಜಲಿಂಗಪ್ಪನವರ ಸ್ಮಾರಕಕ್ಕೆ ಕರೆದುಕೊಂಡು ಹೋದರೆ ಅಲ್ಲೇ ಕೂತು ಬರೆಯಬಹುದು.

‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಯೂನಿಕೋಡ್‌ಗೆ ಬದಲಿಸಿದ್ದರೆ ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳನ್ನು ಒಂದೊಂದಾಗಿ ನೋಡಿ. ‘ಚಿತ್ರದುರ್ಗ’ದ ಅರ್ಕಾವತ್ತೇ ಹಾರಿಹೋಗಿರುತ್ತದೆ. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಗೋಡೆಯ ಹಾಳೆಯ ಇಸವಿಗಳೊಂದಿಗೆ ತಾಳೆ ನೋಡಲಿ. ನಿಧನರಾದಾಗ ಅವರಿಗೆ 97 ತುಂಬಿತ್ತು. 98 ಎಂದು ಬರೆದಿದ್ದರೆ ತಿದ್ದಿ.