ಮೊದಲ ಟ್ರಯಥ್ಲಾನ್‌ಗೆ 90,000 ರೂಪಾಯಿಯ ರೋಡ್ ಬೈಕ್ ಬೇಕಾ, ಇರುವ ಹೈಬ್ರಿಡ್ ಸಾಕಾ?

ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮಾಡುವ ಈ ಆಟಕ್ಕೆ, ಅದೂ ಮೊದಲ ಸಲಕ್ಕೆ, ತೆಳು ಟಯರಿನ ವೇಗದ ರೋಡ್ ಬೈಕ್ ಬೇಡ, ನೇರ ಹ್ಯಾಂಡಲ್‌ನ ಸಾಮಾನ್ಯ ಹೈಬ್ರಿಡ್ ಸಾಕು. ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಸೈಕಲ್ ಅಲ್ಲ, ಕೊನೆಯಲ್ಲಿ ನೀವು ಹಾಗೇ ಸೇರಿಸಿರುವ ಒಂದು ಸಾಲು. "ಈಜು ಸಮಸ್ಯೆ ಇಲ್ಲ, ಪೂಲ್‌ನಲ್ಲಿ 30 ಲ್ಯಾಪ್ ಹೊಡೀತೀನಿ." ನಾಲ್ಕು ವರ್ಷದ ಹಿಂದೆ ನಾನು ಇದೇ ಮಾತನ್ನು ಮನೆಯಲ್ಲಿ, ಆಫೀಸಿನಲ್ಲಿ, ಸೈಕಲ್ ಅಂಗಡಿಯಲ್ಲಿ, ಎಲ್ಲ ಕಡೆ ಹೇಳಿಕೊಂಡು ಓಡಾಡಿದ್ದೆ.

ಆಗ ನನಗೆ 39 ವರ್ಷ. ಊರು ಮೈಸೂರು. ಓಟ ಮೊದಲಿನಿಂದ ಇತ್ತು, ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓಡುತ್ತಿದ್ದೆ. ಭಾನುವಾರ ಚಾಮುಂಡಿ ಬೆಟ್ಟಕ್ಕೆ ಸೈಕಲ್. ಹೆಸರು ಕೊಟ್ಟಿದ್ದು ನೀವು ಹೋಗುತ್ತಿರುವ ಸ್ಪ್ರಿಂಟ್ ದೂರಕ್ಕೇ: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಮಂಗಳೂರು ಕಡೆಯ ಒಂದು ಬೀಚಿನಲ್ಲಿ. ಇದ್ದಬದ್ದ ಉಳಿತಾಯ ಸೇರಿಸಿ 74,000 ರೂಪಾಯಿಗೆ ರೋಡ್ ಬೈಕ್ ತಗೊಂಡೆ. ಆಮೇಲೆ ಮೂರು ತಿಂಗಳು ಅದರ ಟಯರು, ಸೀಟಿನ ಎತ್ತರ, ಗೇರು, ಇದರಲ್ಲೇ ನನ್ನ ತಲೆ. ಈಜಿನ ಬಗ್ಗೆ ಒಂದು ದಿನವೂ ಕೂತು ಯೋಚನೆ ಮಾಡಲಿಲ್ಲ.

ನನ್ನ ತಪ್ಪು ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಅದು ಮೇಲಿಂದ ನೋಡಿದರೆ ತಪ್ಪು ಅಂತ ಕಾಣುವುದೇ ಇಲ್ಲ. ನಮ್ಮ ಬಡಾವಣೆಯ ಪೂಲ್ 25 ಮೀಟರ್ ಉದ್ದ. ಈ ತುದಿಯಿಂದ ಆ ತುದಿಗೆ 30 ಸಲ ಹೋದರೆ 750 ಮೀಟರ್ ಆಯ್ತಲ್ವಾ? ಲೆಕ್ಕ ಸರಿ. ಆದರೆ ಪ್ರತಿ 25 ಮೀಟರಿಗೆ ಗೋಡೆ ಸಿಗುತ್ತಿತ್ತು. ಗೋಡೆ ಹಿಡಿದು ಒಂದೆರಡು ಸಲ ಚೆನ್ನಾಗಿ ಉಸಿರು ಎಳೆದುಕೊಳ್ಳುತ್ತಿದ್ದೆ, ಗಾಗಲ್ಸ್ ಸರಿ ಮಾಡಿಕೊಳ್ಳುತ್ತಿದ್ದೆ, ಆಮೇಲೆ ಎರಡೂ ಕಾಲು ಗೋಡೆಗೆ ಕೊಟ್ಟು ಜೋರಾಗಿ ಒದೆಯುತ್ತಿದ್ದೆ. ಆ ಒದೆತಕ್ಕೇ ಮೈ ನಾಲ್ಕೈದು ಮೀಟರ್ ತಾನಾಗಿ ಜಾರಿಕೊಂಡು ಹೋಗುತ್ತದೆ. ಅಂದರೆ ಪ್ರತಿ ಸಲ ನಾನು ನಿಜವಾಗಿ ಈಜುತ್ತಿದ್ದದ್ದು 20 ಮೀಟರ್. ಅದೂ ತಾಜಾ ಉಸಿರಿನಲ್ಲಿ. ನೀರಿನ ತಳದಲ್ಲಿ ಕಪ್ಪು ಗೆರೆ ಬೇರೆ ಇತ್ತು, ಅದನ್ನು ನೋಡಿಕೊಂಡು ಹೋದರೆ ದಾರಿ ತಪ್ಪುವ ಮಾತೇ ಇಲ್ಲ. ನಾನು 750 ಮೀಟರ್ ಒಂದು ದಿನವೂ ಈಜಿರಲಿಲ್ಲ. 20 ಮೀಟರನ್ನು 30 ಸಲ ಈಜಿದ್ದೆ. ಇವೆರಡೂ ಬೇರೆ ಬೇರೆ ವಿದ್ಯೆ.

ಇನ್ನೊಂದು ವಿಷಯ ಇದರ ಒಳಗೇ ಅಡಗಿತ್ತು. ನಾನು ಮುಖ ನೀರಿನಲ್ಲಿದ್ದಾಗ ಉಸಿರು ಬಿಡುತ್ತಲೇ ಇರಲಿಲ್ಲ, ಬಿಗಿ ಹಿಡಿದುಕೊಂಡಿರುತ್ತಿದ್ದೆ. ಉಸಿರು ಕಟ್ಟಿದ ಹಾಗೆ ಅನ್ನಿಸುವುದು ಹೆಚ್ಚಾಗಿ ಒಳಗೆ ಇಂಗಾಲದ ಡೈಆಕ್ಸೈಡ್ ಸೇರಿಕೊಂಡಾಗ. ಬಿಡದೇ ಹೊಸದನ್ನು ಎಳೆದುಕೊಳ್ಳಲು ಹೋದರೆ ಜಾಗ ಎಲ್ಲಿರುತ್ತೆ? 25 ಮೀಟರಿಗೆ ಈ ತಪ್ಪು ಗೊತ್ತೇ ಆಗುವುದಿಲ್ಲ, ಗೋಡೆ ಮುಚ್ಚಿಹಾಕುತ್ತದೆ.

ಸಮುದ್ರದಲ್ಲಿ ಗೋಡೆ ಇಲ್ಲ. ಎಲ್ಲರ ಜೊತೆ ನಾನೂ ಓಡಿ ನೀರಿಗೆ ಬಿದ್ದೆ, ಪಕ್ಕದವರ ಮೊಣಕೈ ತಾಗಿ ಗಾಗಲ್ಸ್ ಒಳಗೆ ಉಪ್ಪುನೀರು ಬಂತು, ನಿಲ್ಲಿಸಿ ಸರಿ ಮಾಡಿಕೊಳ್ಳೋಣ ಅಂದರೆ ಕಾಲಿಗೆ ತಳ ಸಿಗಲಿಲ್ಲ, ತಲೆ ಎತ್ತಿ ನೋಡಿದರೆ ದಾರಿ ತೋರಿಸಲು ತೇಲಿಬಿಟ್ಟಿದ್ದ ಕಿತ್ತಳೆ ಬಣ್ಣದ ಬೂಯ್ ಅಲೆಯ ಹಿಂದೆ ಮರೆಯಾಗಿ ಬರೀ ನೀರು. ಸುಮಾರು 150 ಮೀಟರ್ ಹೋಗಿದ್ದೆ ಅಷ್ಟೇ. ಎದೆ ಬಿಗಿದುಕೊಂಡಿತು. ಕೈ ಎತ್ತಿದೆ.

ಕಯಾಕ್ ಅನ್ನುವ ಸಣ್ಣ ದೋಣಿಯಲ್ಲಿ ಕಾವಲಿಗಿದ್ದ ಒಬ್ಬ ಹುಡುಗ ಬಂದ. ಇಪ್ಪತ್ತು ವರ್ಷ ಇರಬಹುದು. "ಹಿಡ್ಕೊಳ್ಳಿ ಅಕ್ಕ, ಎಂತ ಆಗುದಿಲ್ಲ" ಅಂದ. ಹಿಡಿದುಕೊಂಡರೆ ಆಟದಿಂದ ಹೊರಗೆ ಹಾಕುತ್ತಾರೇನೋ ಅಂತ ಆ ಸ್ಥಿತಿಯಲ್ಲೂ ನನಗೆ ಭಯ. ಇಲ್ಲ, ನಿಯಮದ ಪ್ರಕಾರ ಹಿಡಿದು ಸುಧಾರಿಸಿಕೊಳ್ಳಬಹುದು, ಅದರ ಸಹಾಯದಿಂದ ಮುಂದೆ ಹೋಗಬಾರದು ಅಷ್ಟೇ. ಇದನ್ನು ನೀವು ಈಗಲೇ ತಿಳಿದುಕೊಂಡಿರಿ. ಕಯಾಕ್‌ನ ಅಂಚಿಗೆ ಒಂದು ಹಗ್ಗ ಇತ್ತು. ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆ ಅಂದರೆ ಅದರ ಹೆಣಿಗೆಯ ಗುರುತು ಅಂಗೈಯಲ್ಲಿ ಮಧ್ಯಾಹ್ನದ ತನಕ ಇತ್ತು. ಆ ಹುಡುಗ ಅವಸರ ಮಾಡಲಿಲ್ಲ. "ನೀರೊಳಗೆ ಊದಿ ಅಕ್ಕ. ಮೊದಲು ಊದುದು, ಮತ್ತೆ ಎಳ್ಕೊಳ್ಳುದು" ಅಂತ ಹೇಳಿ ತಾನೇ ತುಟಿ ಮುಂದೆ ಮಾಡಿ ಊದಿ ತೋರಿಸಿದ. ಹತ್ತು ಸಲ ಗುಳುಗುಳು ಅಂತ ಗುಳ್ಳೆ ಬಿಟ್ಟೆ. ಎದೆ ಸಡಿಲ ಆಯ್ತು. ಮೂರು ತಿಂಗಳಲ್ಲಿ ಕಲಿಯಬೇಕಿದ್ದನ್ನು ಅವನು ಎರಡು ನಿಮಿಷದಲ್ಲಿ ಕಲಿಸಿದ, ಅವನನ್ನು ಇವತ್ತಿಗೂ ನೆನೆಸಿಕೊಳ್ಳುತ್ತೇನೆ.

ಪೂಲ್‌ನಲ್ಲಿ 21 ನಿಮಿಷ ಆಗುತ್ತಿದ್ದ ಈಜು ಅಲ್ಲಿ 36 ನಿಮಿಷ ಆಯ್ತು. ದಡಕ್ಕೆ ಬಂದಾಗ ಕೈ ಎಷ್ಟು ನಡುಗುತ್ತಿತ್ತು ಅಂದರೆ ಹೆಲ್ಮೆಟ್‌ನ ಬಕಲ್ ಹಾಕಲು ಆಗಲಿಲ್ಲ. ಬಕಲ್ ಬೀಳದೆ ಸ್ಟ್ಯಾಂಡಿನಿಂದ ಸೈಕಲ್ ತೆಗೆಯುವ ಹಾಗಿಲ್ಲ. ನಾಲ್ಕನೇ ಸಲಕ್ಕೆ ಟಕ್ ಅಂತು. ಪಕ್ಕದ ಜಾಗದಲ್ಲಿ ನಿಲ್ಲಿಸಿದ್ದ ಹೈಬ್ರಿಡ್ ಆಗಲೇ ಹೋಗಿಯಾಗಿತ್ತು. ಬೆಳಿಗ್ಗೆ ನೋಡಿದ್ದೆ, ಅದರ ಹಿಂದಿನ ಕ್ಯಾರಿಯರ್ ಕೂಡ ಬಿಚ್ಚಿರಲಿಲ್ಲ. ಅದರ ಯಜಮಾನರಿಗೆ 58 ವರ್ಷ, ಸಮುದ್ರದ ಪಕ್ಕ ಹುಟ್ಟಿ ಬೆಳೆದವರು. ನನಗಿಂತ 9 ನಿಮಿಷ ಮೊದಲು ಮುಗಿಸಿದರು.

ಈಗ ನಿಮ್ಮ 90,000ದ ಲೆಕ್ಕಕ್ಕೆ ಬನ್ನಿ. ಹೈಬ್ರಿಡ್‌ನಲ್ಲಿ ನೀವು ಗಂಟೆಗೆ 24 ಕಿ.ಮೀ. ಹೋಗುತ್ತೀರಿ ಅಂದುಕೊಳ್ಳಿ, 20 ಕಿ.ಮೀ.ಗೆ 50 ನಿಮಿಷ. ರೋಡ್ ಬೈಕ್‌ನಲ್ಲಿ 26 ಅಂತ ಇಟ್ಟುಕೊಂಡರೂ 46 ನಿಮಿಷ. ನಾಲ್ಕು ನಿಮಿಷಕ್ಕೆ 90,000. ನಾನು ನೀರಿನಲ್ಲಿ ಬಿಟ್ಟುಬಂದದ್ದು 15 ನಿಮಿಷ. ಈ ಆಟ ಹಿಡಿಸಿ ಮುಂದೆ 40 ಕಿ.ಮೀ., 90 ಕಿ.ಮೀ. ಸೈಕಲ್ ಇರುವ ದೂರಗಳಿಗೆ ಹೋಗುವ ಮನಸ್ಸಾದರೆ ಆಗ ಧಾರಾಳವಾಗಿ ತಗೊಳ್ಳಿ, ನಾನೇ ಅಂಗಡಿಗೆ ಜೊತೆಗೆ ಬರುತ್ತೇನೆ. ಈಗ ಒಂದು ಸರ್ವಿಸ್ ಮಾಡಿಸಿ, ಬ್ರೇಕ್ ನೋಡಿಸಿ, ಹ್ಯಾಂಡಲ್‌ನ ಎರಡೂ ತುದಿಗೆ ಮುಚ್ಚಳ ಇದೆಯಾ ನೋಡಿಕೊಳ್ಳಿ, ಅದು ಇಲ್ಲದಿದ್ದರೆ ಒಳಗೇ ಬಿಡದಿರಬಹುದು. ಟ್ಯೂಬ್ ಬದಲಾಯಿಸುವುದು ಮನೆಯಲ್ಲಿ ಎರಡು ಸಲ ಮಾಡಿ ನೋಡಿ.

ಅಂದಹಾಗೆ, 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ಮಿಷನ್ ಬೇಯಲ್ಲಿ ಮೊದಲ ಆಧುನಿಕ ಟ್ರಯಥ್ಲಾನ್ ನಡೆದಾಗ ಓಟ ಮೊದಲು, ಆಮೇಲೆ ಸೈಕಲ್, ನೀರು ಕೊನೆಗೆ. ಹಿಂದೆ ಉಳಿದವರು ಮುಗಿಸುವ ಹೊತ್ತಿಗೆ ಕತ್ತಲಾಗಿ ಕಾರಿನ ಹೆಡ್‌ಲೈಟ್ ಹಾಕಿ ಬೆಳಕು ಕೊಟ್ಟರಂತೆ. ಈಗ ಈಜು ಮೊದಲು, ಅದು ಒಳ್ಳೆಯದೇ. ದಣಿದ ಮೈಯನ್ನು ನೀರಿಗೆ ಇಳಿಸುವುದು ಆಟ ಅಲ್ಲ.

ನಿಮಗೆ 14 ವಾರ ಇದೆ, ಇದು ಕಡಿಮೆ ಸಮಯವೇನಲ್ಲ. ಪೂಲ್‌ನಲ್ಲಿ ಗೋಡೆ ಮುಟ್ಟುವುದನ್ನು ಬಿಡಿ. ತುದಿಗೆ ಎರಡು ಮೀಟರ್ ಇರುವಾಗಲೇ ನೀರಿನಲ್ಲೇ ತಿರುಗಿ ವಾಪಸ್ ಬನ್ನಿ. ಮೊದಲ ವಾರ ಸಿಟ್ಟು ಬರುತ್ತೆ, ಬರಲಿ. ಮುಖ ನೀರಿನಲ್ಲಿರುವಷ್ಟು ಹೊತ್ತೂ ಗುಳ್ಳೆ ಬಿಡುತ್ತಾ ಇರಿ. ಆರೇಳು ಸಲ ಕೈ ಬೀಸಿದ ಮೇಲೆ ಒಮ್ಮೆ ಮೊಸಳೆ ಹಾಗೆ ಕಣ್ಣು ಮಾತ್ರ ಮೇಲೆತ್ತಿ ಎದುರಿಗೆ ನೋಡುವುದು, ಮತ್ತೆ ಮುಖ ಒಳಗೆ. ತಲೆ ಪೂರ್ತಿ ಎತ್ತಿದರೆ ಕಾಲು ಮುಳುಗುತ್ತದೆ. ಬೂಯ್ ಕಾಣದಿದ್ದರೆ ಅದರ ಹಿಂದಿನ ಎತ್ತರದ ತೆಂಗಿನ ಮರವೋ ಕಟ್ಟಡವೋ ಗುರುತಿಟ್ಟುಕೊಳ್ಳಿ.

ಸಮುದ್ರಕ್ಕೆ ಈಗ ಬೇಡ, ಮಳೆಗಾಲದ ಅಲೆ ಇಳಿಯಲಿ. ನವೆಂಬರಿನಲ್ಲಿ ಒಂದೆರಡು ಸಲವಾದರೂ ಲೈಫ್‌ಗಾರ್ಡ್ ಇರುವ ಬೀಚಿಗೆ, ಈಜು ಚೆನ್ನಾಗಿ ಬಲ್ಲವರ ಜೊತೆ, ಸೊಂಟಕ್ಕೆ ಕಟ್ಟುವ ತೇಲುಚೀಲ ಹಾಕಿಕೊಂಡು ಹೋಗಿ. ದಡಕ್ಕೆ ಸಮನಾಗಿ ಈಜಿ, ಒಳಕ್ಕೆ ಹೋಗಬೇಡಿ. ಬೀಚ್ ದೂರ ಅಂತ ಕಾವೇರಿಗೆ ಇಳಿಯುವ ಯೋಚನೆ ದಯವಿಟ್ಟು ಮಾಡಬೇಡಿ. ಸುಳಿ ಎಲ್ಲಿದೆ ಅಂತ ಮೇಲಿಂದ ಗೊತ್ತಾಗುವುದಿಲ್ಲ, ಪ್ರತಿ ವರ್ಷ ಎಷ್ಟು ಮಕ್ಕಳು ಜೀವ ಕಳೆದುಕೊಳ್ಳುತ್ತಾರೆ. ಒಬ್ಬರೇ ಅಂತೂ ಎಲ್ಲಿಗೂ ಇಳಿಯಬೇಡಿ.

ಉಳಿದದ್ದು ಸಣ್ಣದು. ವಾರಕ್ಕೊಮ್ಮೆ ಸೈಕಲ್ ಇಳಿದ ತಕ್ಷಣ ಹತ್ತು ನಿಮಿಷ ಓಡಿ, ಮೊದಲೆರಡು ನಿಮಿಷ ಕಾಲು ಮರದ ಕೊರಡಿನ ಹಾಗಿರುತ್ತೆ, ಆಮೇಲೆ ಬಿಡುತ್ತೆ. ಅವತ್ತು ಬೆಳಿಗ್ಗೆ ಮನೆಯಲ್ಲಿ ತಿಂದು ಒಗ್ಗಿದ್ದನ್ನೇ ತಿನ್ನಿ. ನನಗೆ ಎರಡು ಇಡ್ಲಿ, ಒಂದು ಏಲಕ್ಕಿ ಬಾಳೆಹಣ್ಣು ಸರಿಹೋಗುತ್ತದೆ. ನೀರಿಗೆ ಓಡುವಾಗ ಗುಂಪಿನ ಹಿಂದೆ, ಪಕ್ಕಕ್ಕೆ ನಿಂತುಕೊಳ್ಳಿ. ಹತ್ತು ಸೆಕೆಂಡ್ ತಡವಾದರೆ ಆಗಲಿ, ಮೊಣಕೈ ಏಟು ತಪ್ಪುತ್ತದೆ.

ಮರುವರ್ಷ ಅದೇ ಬೀಚಿಗೆ ಹೋದೆ. 22 ನಿಮಿಷದಲ್ಲಿ ಹೊರಗೆ ಬಂದೆ, ಬಕಲ್ ಒಂದೇ ಸಲಕ್ಕೆ ಬಿತ್ತು.

ನಾಳೆ ಪೂಲ್‌ಗೆ ಹೋದಾಗ ಗೋಡೆ ಮುಟ್ಟದೆ, ನಿಲ್ಲದೆ ಎಷ್ಟು ಮೀಟರ್ ಆಗುತ್ತೆ ನೋಡಿ ಇಲ್ಲೇ ಕೆಳಗೆ ಬರೆಯಿರಿ. ಮೊದಲ ದಿನ ನನ್ನದು 110 ಆಗಿತ್ತು. ನಿಮ್ಮ ಸಂಖ್ಯೆ ನೋಡಿಕೊಂಡು 14 ವಾರಕ್ಕೆ ಹೇಗೆ ಹಂಚುವುದು ಅಂತ ಹೇಳುತ್ತೇನೆ.