ಪುಣೆಯಿಂದ ಬೆಳಗಾವಿಗೆ ಎಲೆಕ್ಟ್ರಿಕ್ ಎಸ್‌ಯುವಿ: 51.4 ಸಾಕಾ, 75 ಬೇಕಾ?

ಪುಣೆಯ ವಾಕಡ್‌ನಲ್ಲಿರುವ ನೀವು, ಅಮ್ಮನೂ ಸೇರಿ ಐದು ಜನ ಬೆಳಗಾವಿಗೆ ಹೋಗಿಬರಲು ಯಾವ ಎಲೆಕ್ಟ್ರಿಕ್ ಕಾರು ಕೊಳ್ಳಲಿ ಅಂತ ಕೇಳಿದ್ದೀರಿ. ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್‌ನ 51.4 ಕಿಲೋವ್ಯಾಟ್-ಅವರ್ ಬ್ಯಾಟರಿ ಸಾಕಾ, ಟಾಟಾ ಹ್ಯಾರಿಯರ್ ಇವಿಯ 75 ಬೇಕಾ ಅನ್ನುವ ನಿಮ್ಮ ಗೊಂದಲಕ್ಕೆ ಕಾರಣ ಬ್ರೋಷರ್‌ನ ರೇಂಜ್, ಅಂದರೆ ಒಂದು ಸಲ ಪೂರ್ತಿ ಚಾರ್ಜ್ ಮಾಡಿದರೆ ಓಡುವ ದೂರ. ಅದು ಲ್ಯಾಬ್ ಲೆಕ್ಕ. ಐದು ಜನ, ಲಗೇಜು, ಎಸಿ, ಗಂಟೆಗೆ 100ರ ವೇಗ ಎಲ್ಲ ಸೇರಿದರೆ ಹೆಚ್ಚೂಕಡಿಮೆ ಅದರ ಮೂರನೇ ಎರಡು ಭಾಗ ಸಿಗುತ್ತದೆ ಅಂದುಕೊಳ್ಳಿ, ಮಳೆ ಮತ್ತು ದಾರಿಯಲ್ಲಿನ ಖಂಬಾಟ್ಕಿ ಘಾಟ್‌ನ ಏರು ಇದ್ದರೆ ಇನ್ನೂ ಸ್ವಲ್ಪ ಕಡಿಮೆಯೂ ಆಗಬಹುದು.

ಮೊದಲು ವಾಕಡ್‌ನ ನಿಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಿಂದ ಪಾರ್ಕಿಂಗ್‌ನಲ್ಲಿ ಚಾರ್ಜರ್ ಹಾಕಲು ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಬುಕಿಂಗ್ ಆಮೇಲೆ. ನಾವು ಉಲ್ಟಾ ಮಾಡಿ ಎರಡು ತಿಂಗಳು ಒದ್ದಾಡಿದೆವು. 7.2 ಕಿಲೋವ್ಯಾಟ್ ಚಾರ್ಜರ್ ಇದ್ದರೆ ದೊಡ್ಡ ಬ್ಯಾಟರಿಯೂ ರಾತ್ರಿ ಕಳೆಯುವಷ್ಟರಲ್ಲಿ ತುಂಬುತ್ತದೆ, ಮಾಮೂಲಿ 15 ಆಂಪಿಯರ್ ಸಾಕೆಟ್‌ನಲ್ಲಿ ಪೂರ್ತಿ ಒಂದು ದಿನ ಬೇಕು.

ಟೆಸ್ಟ್ ಡ್ರೈವ್‌ಗೆ ಅಮ್ಮನನ್ನೂ ಕರೆದುಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಅರ್ಧ ಗಂಟೆ ಕೂರಿಸಿ. ಕೆಳಗೆ ಬ್ಯಾಟರಿ ಇರುವುದರಿಂದ ನೆಲ ಎತ್ತರವಾಗಿ, ಕೂತಾಗ ಮಂಡಿ ಮೇಲಕ್ಕೆ ಏಳಬಹುದು, ತೊಡೆಗೆ ಆಸರೆ ಕಡಿಮೆಯಾಗಬಹುದು. ಮಂಡಿನೋವು ಇದ್ದವರಿಗೆ ಇದು ರೇಂಜ್‌ಗಿಂತ ಮುಖ್ಯ.

ಪುಣೆಯಿಂದ ಬೆಳಗಾವಿ ಸುಮಾರು 340 ಕಿ.ಮೀ. ದಾರಿಯಲ್ಲಿ ಕರಾಡ್ ಅಥವಾ ಕೊಲ್ಹಾಪುರದಲ್ಲಿ ಊಟಕ್ಕೆ ನಿಲ್ಲುವವರಾದರೆ ಅಲ್ಲೇ ಫಾಸ್ಟ್ ಚಾರ್ಜ್ ಮಾಡಿಕೊಳ್ಳಿ, ಕ್ರೆಟಾ ಸಾಕು. ಪ್ರತಿ ತಿಂಗಳು ಐದೂ ಜನ ಲಗೇಜು ಸಮೇತ ಹೋಗುವುದಾದರೆ ನಾನಂತೂ 75ರದ್ದೇ ತೆಗೆದುಕೊಳ್ಳುತ್ತೇನೆ.