ಎಸ್‌ಪಿಎಸ್‌ಎಸ್ ಇಲ್ದೆ ಪ್ರಾಜೆಕ್ಟ್ ಆಗಲ್ವಾ?

ಪ್ರಶ್ನೆ: ಸರ್, ನಾನು ಎಂಎಸ್‌ಡಬ್ಲ್ಯು ಸ್ಟೂಡೆಂಟು. ಕಾಫಿ ತೋಟದ ಲೈನ್ ಮನೆಗಳಲ್ಲಿ, ಅಂದ್ರೆ ಕೂಲಿಯವರ ಸಾಲುಮನೆಗಳಲ್ಲಿರೋ ಹೆಂಗಸರ ಆರೋಗ್ಯದ ಬಗ್ಗೆ ಪ್ರಾಜೆಕ್ಟ್ ಮಾಡ್ತಿದ್ದೀನಿ. 400 ಜನ ಬೇಕು, ಎಸ್‌ಪಿಎಸ್‌ಎಸ್ ಅನ್ನೋ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲೇ ಅನಾಲಿಸಿಸ್ ಮಾಡು ಅಂತ ಗೈಡ್ ಹೇಳಿದ್ದಾರೆ. ಅದರ ರೇಟ್ ನೋಡಿ ಗಾಬರಿ ಆಯ್ತು, ಕ್ರ್ಯಾಕ್ ಮಾಡಿದ್ದು ಕೊಡ್ತೀನಿ ಅಂತ ಒಬ್ರು ಹೇಳ್ತಿದ್ದಾರೆ. 10 ತೋಟ, ತಲಾ 40 ಜನ ಅಂತ ಅಂದ್ಕೊಂಡಿದ್ದೀನಿ. ಏನ್ಮಾಡ್ಲಿ?
– ಓದುಗಿ, ವಿರಾಜಪೇಟೆ

ಉತ್ತರ: ಕ್ರ್ಯಾಕ್ ಸಹವಾಸ ಬೇಡಮ್ಮ, ಲ್ಯಾಪ್‌ಟಾಪ್‌ಗೆ ವೈರಸ್ ಹೊಕ್ಕರೆ ಡೇಟಾನೂ ಹೋಗುತ್ತೆ. ಎಸ್‌ಪಿಎಸ್‌ಎಸ್ 1968ರಿಂದ ಇದೆ, ಹಳಬರಿಗೆ ಅದೇ ರೂಢಿ, ಅಷ್ಟೇ. ಜಮೋವಿ, ಪಿಎಸ್‌ಪಿಪಿ ಎರಡೂ ಫ್ರೀ, ಎಸ್‌ಪಿಎಸ್‌ಎಸ್ ಫೈಲನ್ನೂ ಓಪನ್ ಮಾಡ್ತವೆ, ಎರಡು ಗುಂಪಿನ ಸರಾಸರಿ ಹೋಲಿಸೋ ಟಿ-ಟೆಸ್ಟ್ ಯಾವುದ್ರಲ್ಲಿ ಮಾಡಿದ್ರೂ ಬರೋ ನಂಬರ್ ಒಂದೇ.

ನಂಗೆ ಚಿಂತೆ ಇರೋದು ನಿಮ್ಮ 10 ತೋಟದ ಬಗ್ಗೆ. ಆ 400, ಸರ್ವೆಗೆ ಎಷ್ಟು ಜನ ಬೇಕು ಅಂತ ಹೇಳೋ ಯಮಾನೆ ಫಾರ್ಮುಲಾದಿಂದ ಬಂದಿರ್ಬೇಕು, ಜನಸಂಖ್ಯೆ ದೊಡ್ಡದಿದ್ದು 5% ಎರರ್ (ಉತ್ತರ ಅಷ್ಟು ಆಚೀಚೆ ಆದ್ರೂ ಪರವಾಗಿಲ್ಲ ಅಂತ) ಇಟ್ರೆ ಅಷ್ಟೇ ಬರೋದು, ಆದ್ರೆ ಅದು ಒಬ್ಬೊಬ್ಬರನ್ನೂ ಬಿಡಿಬಿಡಿಯಾಗಿ ಲಾಟರಿ ಎತ್ತಿ ಆರಿಸಿದಾಗಿನ ಲೆಕ್ಕ. ಒಂದೇ ಲೈನಲ್ಲಿರೋರಿಗೆ ಅದೇ ನೀರು, ಅದೇ ಕೂಲಿ, ಆಸ್ಪತ್ರೆನೂ ಅಷ್ಟೇ ದೂರ, ಹಾಗಾಗಿ ಉತ್ರಗಳೂ ಸುಮಾರು ಒಂದೇ ಥರ ಬರ್ತವೆ. ಈ ಹೋಲಿಕೆಗೆ ಐಸಿಸಿ ಅಂತ ಒಂದು ಅಳತೆ ಇದೆ, ಅದು ಬರೀ 0.05 ಅಂತ ಇಟ್ಕೊಂಡ್ರೂ 1 + 39 × 0.05 (39 ಅಂದ್ರೆ ತೋಟದ 40 ಜನರಲ್ಲಿ ಒಬ್ಬರನ್ನ ಕಳೆದದ್ದು), ಅಂದ್ರೆ 2.95. ಇದಕ್ಕೆ ಡಿಸೈನ್ ಎಫೆಕ್ಟ್ ಅಂತಾರೆ. 400ನ್ನ ಅದ್ರಿಂದ ಭಾಗಿಸಿದ್ರೆ ಕೈಗೆ ಸಿಗೋದು ಸುಮಾರು 135 ಜನರಷ್ಟು ಮಾಹಿತಿ! ಅದೇ 40 ತೋಟ, ತಲಾ 10 ಜನ ಮಾಡಿದ್ರೆ 275ರ ಹತ್ರ ಹೋಗುತ್ತೆ. ಓಡಾಟ ಜಾಸ್ತಿ, ಒಪ್ತೀನಿ, 20 ತೋಟ ಆದ್ರೂ ಮಾಡಿ.

ಖಾಯಂ ಕೆಲಸದೋರನ್ನೂ ಸೀಸನ್‌ಗೆ ಬರೋರನ್ನೂ ಹೋಲಿಸೋದಾದ್ರೆ ಎಷ್ಟು ಜನ ಬೇಕು ಅಂತ ಲೆಕ್ಕ ಹಾಕೋ ಜಿ-ಪವರ್ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಅದೂ ಫ್ರೀ. ಮಧ್ಯಮ ಗಾತ್ರದ ವ್ಯತ್ಯಾಸ ಹಿಡಿಯೋಕೆ, 0.05 ಲೆವೆಲ್ (ಇಲ್ಲದ ವ್ಯತ್ಯಾಸ ಇದೆ ಅನ್ನೋ ತಪ್ಪಿಗೆ 5% ಅವಕಾಶ), 80% ಪವರ್ (ಇರೋ ವ್ಯತ್ಯಾಸ ಕಣ್ಣಿಗೆ ಬೀಳೋ ಸಾಧ್ಯತೆ) ಅಂದ್ರೆ ಗುಂಪಿಗೆ 64 ಜನ ಅನ್ನುತ್ತೆ, ಆದ್ರೆ ಅದಕ್ಕೂ ತೋಟದ ವಿಷಯ ಗೊತ್ತಿಲ್ಲ, ಡಿಸೈನ್ ಎಫೆಕ್ಟ್‌ನಿಂದ ನೀವೇ ಗುಣಿಸ್ಕೋಬೇಕು.

ಪ್ರತಿ ಫಾರಂ ಮೇಲೂ ತೋಟದ ನಂಬರ್ ಬರೀರಿ, ಇದು ಮರೀಬೇಡಿ, ಆಮೇಲೆ ಆರ್ ಅನ್ನೋ ಫ್ರೀ ಸಾಫ್ಟ್‌ವೇರ್‌ನ ‘ಸರ್ವೇ’ ಪ್ಯಾಕೇಜಿಗೆ ಆ ಕಾಲಂ ತೋರ್ಸಿದ್ರೆ ಎರರ್ ಲೆಕ್ಕ ಅದೇ ಸರಿ ಮಾಡ್ಕೊಳ್ಳುತ್ತೆ, ನಂಬರ್ ಇಲ್ಲಾಂದ್ರೆ ಯಾವ ಸಾಫ್ಟ್‌ವೇರೂ ಏನೂ ಮಾಡಕ್ಕಾಗಲ್ಲ. ಜನವರಿ-ಫೆಬ್ರವರಿ ರೋಬಸ್ಟಾ ಕುಯ್ಲಲ್ಲಿ ಲೈನಲ್ಲಿ ಸಿಗೋ ಜನಾನೇ ಬೇರೆ, ಜುಲೈ ಮಳೇಲಿ ಸಿಗೋರೇ ಬೇರೆ, ಹಾಗಾಗಿ ಎಲ್ಲಾ ತೋಟಾನೂ ಒಂದೇ ಸೀಸನ್ನಲ್ಲಿ ಮುಗ್ಸಿ. ಇನ್ನೊಂದು, ತೋಟದ ಲೆಕ್ಕ ನೋಡೋ ರೈಟರ್ ಪಕ್ಕದಲ್ಲಿ ನಿಂತಿದ್ರೆ ಹೆಂಗಸರು ಬಾಯೇ ಬಿಡಲ್ಲ, ಸಂಜೆ ಕೆಲ್ಸ ಬಿಟ್ಮೇಲೆ ಹೋಗಿ.

ಗೈಡ್ ಹತ್ರ ಎಸ್‌ಪಿಎಸ್‌ಎಸ್ ವಿಷಯ ಈಗ್ಲೇ ಎತ್ತಬೇಡಿ, ಮೊದ್ಲು ಈ 135ರ ಲೆಕ್ಕ ತೋರ್ಸಿ.